ಲೋಟಕ್ಕೊಂದು ಕೋಡ್, ಫ್ಲಾಸ್ಕಿಗೆ ಇನ್ನೊಂದು

ಮಾನ್ಯರೇ,

ವಿದೇಶದಿಂದ ಪಾತ್ರೆ ತರಿಸುವ ಸಣ್ಣ ವ್ಯಾಪಾರಿಗಳು ಇನ್‌ವಾಯ್ಸ್‌ನಲ್ಲಿ ‘ಕಿಚನ್ ಐಟಮ್ಸ್’ ಎಂದು ಒಂದೇ ಸಾಲು ಬರೆಸಿಕೊಂಡು ಬರುತ್ತಾರೆ. ತಂಟೆ ಶುರುವಾಗುವುದೇ ಅಲ್ಲಿಂದ. ಸುಂಕ ನಿರ್ಧರಿಸಲು ಕಸ್ಟಮ್ಸ್‌ನಲ್ಲಿ ಒಂದೊಂದು ಬಗೆಯ ಸರಕಿಗೂ ಒಂದೊಂದು ಕೋಡ್ ಇದೆ: ಸ್ಟೀಲ್ ಪಾತ್ರೆಗೆ 7323, ತಾಮ್ರದ್ದಕ್ಕೆ 7418, ಅಲ್ಯೂಮಿನಿಯಂಗೆ 7615. ಚಮಚ, ಫೋರ್ಕು 8215. ಒಂದೇ ಪದರದ ಸ್ಟೀಲ್ ಬಾಟಲಿ 7323ಕ್ಕೆ ಸೇರಿದರೆ, ಎರಡು ಗೋಡೆಗಳ ನಡುವೆ ಗಾಳಿ ತೆಗೆದ ಫ್ಲಾಸ್ಕ್ 9617ಕ್ಕೆ ಹೋಗುತ್ತದೆ. ಹೊರನೋಟಕ್ಕೆ ಎರಡೂ ಒಂದೇ! ತಯಾರಕರ ವಿವರಪತ್ರ ಕೈಯಲ್ಲಿರಲಿ.

ತಾಮ್ರದ ತಳದ ಸ್ಟೀಲ್ ಪಾತ್ರೆಯಲ್ಲಂತೂ ಎಡವದವರು ಕಡಿಮೆ. ಇಲ್ಲಿ ಲೆಕ್ಕಕ್ಕೆ ಬರುವುದು ಹೊಳಪಲ್ಲ, ತೂಕ. 700 ಗ್ರಾಂ ಪಾತ್ರೆಯಲ್ಲಿ ತಾಮ್ರ 80 ಗ್ರಾಂ ಇದ್ದರೆ ಅದು ಸ್ಟೀಲ್ ಪಾತ್ರೆಯೇ. ಪ್ಯಾಕಿಂಗ್ ಲಿಸ್ಟ್‌ನಲ್ಲಿ ಲೋಹವಾರು ತೂಕ ಬರೆಸಿದರೆ ಅರ್ಧ ಜಗಳ ಮುಗಿದಂತೆ.

2020ರ ಬಜೆಟ್ 7323ರ ಮೂಲ ಸುಂಕವನ್ನು ಶೇ 10ರಿಂದ 20ಕ್ಕೆ ಏರಿಸಿತು. ಆ ದರದಲ್ಲಿ ಒಂದು ಲಕ್ಷ ರೂಪಾಯಿ ಮೌಲ್ಯದ ಸರಕಿಗೆ ಸುಂಕ 20,000. ಅದರ ಶೇ 10, ಅಂದರೆ 2,000, ಸಮಾಜ ಕಲ್ಯಾಣ ಸರ್ಚಾರ್ಜ್. ಐಜಿಎಸ್‌ಟಿ (ಆಮದು ಸರಕಿನ ಮೇಲಿನ ಜಿಎಸ್‌ಟಿ) ಬೀಳುವುದು ಒಂದು ಲಕ್ಷದ ಮೇಲಲ್ಲ, 1,22,000ದ ಮೇಲೆ. ಸಾಗಣೆ, ವಿಮೆ ಸೇರಿಸಿದ ಬೆಲೆಯೇ ಮೌಲ್ಯ ಎಂಬುದನ್ನೂ ಹಲವರು ಮರೆಯುತ್ತಾರೆ.

ಸುಂಕ ಕಟ್ಟಿದ ಮಾತ್ರಕ್ಕೆ ಸರಕು ಹೊರಬರುವುದಿಲ್ಲ. ಪ್ರೆಷರ್ ಕುಕ್ಕರ್‌ಗೆ ಐಎಸ್‌ಐ ಗುರುತು ಕಡ್ಡಾಯ, ಅದರ ಪರವಾನಗಿ ವಿದೇಶಿ ಕಾರ್ಖಾನೆಯ ಹೆಸರಿನಲ್ಲೇ ಇರಬೇಕು. ಇಲ್ಲಿಗೆ ಬಂದ ಮೇಲೆ ಅಂಟಿಸಿದ ಸ್ಟಿಕ್ಕರ್ ನಡೆಯದು.

ಕೋಡ್ ಬಗ್ಗೆ ಅನುಮಾನವಿದ್ದವರು ಆರ್ಡರ್ ಕೊಡುವ ಮೊದಲೇ ಕಸ್ಟಮ್ಸ್‌ನ ಮುಂಗಡ ತೀರ್ಪು ಕೇಳಬಹುದು. ಈ ಸೌಲಭ್ಯದ ಅರ್ಜಿ ಕ್ರಮವನ್ನು ಇಲಾಖೆ ಕನ್ನಡದಲ್ಲೂ, ಪಾತ್ರೆಗಳ ಚಿತ್ರಸಹಿತ ಪ್ರಕಟಿಸಲಿ.

– ಆಮದು ದಾಖಲೆಗಳ ಕೆಲಸ ಮಾಡುವವರು, ಬೆಂಗಳೂರು