ಹಳೆಯ ಸುಣ್ಣದ ಗಾರೆಯ ಮೇಲೆ ಅಂಟಿಸಿದ ಟೈಲ್ಸ್ ಕಳಚಿ ಬಿದ್ದಿರುವ ಬಗ್ಗೆ ದೂರು

ದಿನಾಂಕ: 09-09-2024
ಮಡಿಕೇರಿ ತಾಲ್ಲೂಕು, ಕೊಡಗು

ಗೆ,
ವ್ಯವಸ್ಥಾಪಕರು,
ಟೈಲ್ಸ್ ಮಾರಾಟ ಮತ್ತು ಅಳವಡಿಕೆ ವಿಭಾಗ

ವಿಷಯ: ಅಡುಗೆಕೋಣೆ ಮತ್ತು ಬಚ್ಚಲುಮನೆಯ ಗೋಡೆಗಳ ಟೈಲ್ಸ್ ಕೆಲಸದಲ್ಲಿ ಆಗಿರುವ ಸೇವಾ ನ್ಯೂನತೆ.

ಮಾನ್ಯರೇ,

ಕಳೆದ ಮೇ 6ರಿಂದ 11ರವರೆಗೆ ತಮ್ಮ ಕೆಲಸಗಾರರು ನಮ್ಮ ಮನೆಯ ಗೋಡೆಗಳಿಗೆ 140 ಚದರ ಅಡಿ ವಿಟ್ರಿಫೈಡ್ ಟೈಲ್ಸ್ ಅಂಟಿಸಿದ್ದು, ಅದಕ್ಕೆ ಚದರ ಅಡಿಗೆ 225 ರೂಪಾಯಿಯಂತೆ 31,500 ರೂಪಾಯಿಗಳನ್ನು ಪೂರ್ತಿಯಾಗಿ ಪಾವತಿಸಿದ್ದೇನೆ. ಆಗಸ್ಟ್ 11ರ ರಾತ್ರಿ ಅಡುಗೆಕೋಣೆಯ ಪಶ್ಚಿಮದ ಗೋಡೆಯಿಂದ 14 ಟೈಲ್ಸ್ ಒಟ್ಟಿಗೆ ಕಳಚಿ ಬಿದ್ದವು. ಆ ಹೊತ್ತಿನಲ್ಲಿ ಒಲೆಯ ಬಳಿ ಯಾರೂ ಇರಲಿಲ್ಲವಾದ್ದರಿಂದ ಒಂದು ಪಾತ್ರೆ ಕಪಾಟು ಜಜ್ಜಿಹೋದದ್ದಷ್ಟೇ ನಷ್ಟ. ಮರುದಿನ ಫೋನ್ ಮಾಡಿ ತಿಳಿಸಿದಾಗ, ಗೋಡೆ ಹಳೆಯದಾದ್ದರಿಂದ ತಾವು ಹೊಣೆಯಲ್ಲ ಎಂಬ ಉತ್ತರ ಬಂತು. ಈ ಪತ್ರಕ್ಕೆ ಆ ಉತ್ತರವೇ ಕಾರಣ.

ಗೋಡೆ ಹಳೆಯದೆಂಬುದು ಆಗಸ್ಟಿನಲ್ಲಿ ಗೊತ್ತಾದ ಸಂಗತಿಯಲ್ಲ. ಮನೆಯನ್ನು ನನ್ನ ಅಜ್ಜ 1931ರಲ್ಲಿ ಕಟ್ಟಿಸಿದ್ದು, ಒಳಗೆ ಮಣ್ಣಿನ ಗೋಡೆ, ಅದರ ಮೇಲೆ ಸುಣ್ಣದ ಗಾರೆ, ಗಾರೆಯ ಮೇಲೆ ವರ್ಷವರ್ಷವೂ ಬಳಿದ ಸುಣ್ಣದ ಪದರಗಳು, ಎಲ್ಲಕ್ಕೂ ಮೇಲೆ ನನ್ನ ತಂದೆಯವರು ಹೊಗೆಯ ಮಸಿ ತೊಳೆಯಲು ಸುಲಭವೆಂದು ಹಚ್ಚಿಸಿದ ಎಣ್ಣೆ ಬಣ್ಣ ಇವೆ ಎಂಬುದನ್ನು ಅಳತೆಗೆ ಬಂದ ತಮ್ಮ ಮೇಲ್ವಿಚಾರಕರಿಗೆ ನಾನೇ ವಿವರಿಸಿದ್ದೆ. ಅವರು ಗೋಡೆಯನ್ನು ತಟ್ಟಿ ನೋಡಲಿಲ್ಲ. ತಮ್ಮ ಅಂಟು ಎಂಥ ಗೋಡೆಗೂ ಹಿಡಿಯುತ್ತದೆ ಎಂದರು. ಬಣ್ಣ ಕೆರೆಯುವುದಾಗಲಿ, ಸಡಿಲ ಗಾರೆ ಕೆತ್ತುವುದಾಗಲಿ ಕೊಟೇಶನ್ನಿನಲ್ಲೂ ಇಲ್ಲ, ಕೆಲಸದಲ್ಲೂ ನಡೆಯಲಿಲ್ಲ.

ಅಂಟಿನ ಬಗ್ಗೆ ಅವರು ಹೇಳಿದ್ದು ಸುಳ್ಳಲ್ಲ. ಬಿದ್ದ ಟೈಲ್ಸುಗಳ ಹಿಂಬದಿಯನ್ನು ನೋಡಿದರೆ ಅಂಟು ಅವಕ್ಕೆ ಗಟ್ಟಿಯಾಗಿಯೇ ಕಚ್ಚಿಕೊಂಡಿದೆ. ಎಂಟರ ಹಿಂದೆ ಅಂಟಿನ ಜೊತೆಗೆ ಹಸಿರು ಎಣ್ಣೆ ಬಣ್ಣವೂ ಸುಣ್ಣದ ಚಕ್ಕೆಗಳೂ ಎದ್ದು ಬಂದಿವೆ, ಉಳಿದ ಆರರ ಹಿಂದೆ ಬೆರಳು ದಪ್ಪದ ಗಾರೆಯೇ ಕಿತ್ತು ಬಂದಿದೆ. ಅಂದರೆ ಟೈಲ್ಸ್ ಅಂಟಿದ್ದು ಬಣ್ಣಕ್ಕೆ, ಬಣ್ಣ ಅಂಟಿದ್ದು ಪುಡಿಯಾಗುವ ಸುಣ್ಣಕ್ಕೆ. 8 ಮಿ.ಮೀ. ದಪ್ಪದ ಈ ಟೈಲ್ಸ್ ಅಂಟು ಸೇರಿ ಚದರ ಮೀಟರಿಗೆ ಸುಮಾರು 22 ಕೆ.ಜಿ. ತೂಗುತ್ತದೆ, 140 ಚದರ ಅಡಿಗೆ ಲೆಕ್ಕ ಹಾಕಿದರೆ ಹತ್ತಿರಹತ್ತಿರ ಆರು ಮೂಟೆ ಕಾಫಿಯ ಭಾರ. ಅಷ್ಟನ್ನು ಸುಣ್ಣದ ಚಕ್ಕೆಗಳಿಗೆ ನೇತುಹಾಕಿದಂತಾಗಿದೆ.

ಎರಡನೆಯ ಸಂಗತಿ ತೇವದ್ದು. ನಮ್ಮ ಕಡೆ ಜೂನಿನಿಂದ ಮೂರು ತಿಂಗಳು ಗೋಡೆ ಸರಿಯಾಗಿ ಒಣಗುವುದೇ ಇಲ್ಲ. ಸುಣ್ಣದ ಗಾರೆ ಆ ತೇವವನ್ನು ಹೀರಿ, ಒಲೆಯ ಕಾವಿಗೂ ಬಿಸಿಲಿಗೂ ನಿಧಾನವಾಗಿ ಹೊರಗೆ ಬಿಡುತ್ತದೆ. ಮಣ್ಣಿನ ಗೋಡೆ ಇಷ್ಟು ಮಳೆಗಾಲ ದಾಟಿ ನಿಂತಿರುವುದು ಹಾಗೆ. ವಿಟ್ರಿಫೈಡ್ ಟೈಲ್ಸ್ ನೀರು ಹೀರುವುದು ನೂರಕ್ಕೆ ಅರ್ಧ ಭಾಗಕ್ಕಿಂತಲೂ ಕಡಿಮೆ. ಅದನ್ನು ಒಳಮೈಗೆ ಮುಚ್ಚಿದ ಮೇಲೆ ಹೊರಗಿನಿಂದ ಇಳಿದ ತೇವ ಅದರ ಹಿಂದೆಯೇ ನಿಂತಿತು. ಜುಲೈ ಎರಡನೇ ವಾರದಲ್ಲಿ ಸಂದುಗಳ ಗ್ರೌಟಿನಲ್ಲಿ ಬಿಳಿ ಉಪ್ಪು ಕಾಣಿಸಿಕೊಂಡಿತು, ತಟ್ಟಿದರೆ ಪೊಳ್ಳು ಶಬ್ದ ಬರುತ್ತಿತ್ತು. ಅದರ ಫೋಟೋಗಳನ್ನು ಆಗಲೇ ತಮ್ಮ ಕಚೇರಿಗೆ ಕಳಿಸಿದ್ದೆ, ಯಾರೂ ಬರಲಿಲ್ಲ.

ನನ್ನ ಕಡೆಯ ಲೋಪವನ್ನೂ ಹೇಳಿಬಿಡುತ್ತೇನೆ. ಬಚ್ಚಲುಮನೆಯ ಮೇಲೆ ಒಂದು ಹೆಂಚು ಒಡೆದು ಜೂನ್ ಕೊನೆಯವರೆಗೂ ಸೋರುತ್ತಿತ್ತು. ಆದರೆ ಅಲ್ಲಿನ ಟೈಲ್ಸ್ ಬಿದ್ದಿಲ್ಲ, ಬಿದ್ದದ್ದು ಸೋರಿಕೆಯೇ ಇಲ್ಲದ ಅಡುಗೆಕೋಣೆಯಲ್ಲಿ. ಒಲೆಯ ಹಿಂದೆ ಟೈಲ್ಸ್ ಬೇಕೆಂದು ಹಟ ಹಿಡಿದವನೂ ನಾನೇ. ಆಗದ ಕೆಲಸವನ್ನು ಆಗದು ಎನ್ನಬೇಕಾದವರು ಮಾತ್ರ ಆ ಕೆಲಸ ಬಲ್ಲವರು.

ಬಿದ್ದ ಜಾಗಕ್ಕೆ ಸಿಮೆಂಟ್ ಗಿಲಾವು ಮಾಡಿ ಅದೇ ಟೈಲ್ಸನ್ನು ಉಚಿತವಾಗಿ ಮತ್ತೆ ಅಂಟಿಸಿಕೊಡುವುದಾಗಿ ತಮ್ಮ ಮೇಲ್ವಿಚಾರಕರು ಆ ಬಳಿಕ ಹೇಳಿದ್ದನ್ನು ನಾನು ಒಪ್ಪುವುದಿಲ್ಲ. ಮೆತ್ತನೆಯ ಮಣ್ಣಿನ ಗೋಡೆಗೆ ಗಡುಸಾದ ಸಿಮೆಂಟ್ ಹೊದಿಸಿದರೆ ತೇವ ಇನ್ನಷ್ಟು ಒಳಗೇ ಉಳಿದು, ಮುಂದಿನ ಬಾರಿ ಗಿಲಾವಿನ ಜೊತೆ ಗೋಡೆಯ ಮಣ್ಣೂ ಬರುತ್ತದೆ.

ಆದ್ದರಿಂದ ಉಳಿದ ಟೈಲ್ಸನ್ನು ಗೋಡೆಗೆ ಪೆಟ್ಟಾಗದಂತೆ ತೆಗೆಸಿ, 31,500 ರೂಪಾಯಿಗಳನ್ನು ಹಿಂದಿರುಗಿಸಿ, ಹಾಳಾದ ಗಾರೆಯನ್ನು ಸುಣ್ಣದ ಕೆಲಸ ತಿಳಿದ ಮೇಸ್ತ್ರಿಯಿಂದ ಮತ್ತೆ ಮಾಡಿಸುವ ವೆಚ್ಚವನ್ನು ಭರಿಸಬೇಕೆಂದು ಕೋರುತ್ತೇನೆ. ತೆಗೆಯುವ ಕೆಲಸ ಕೂಡಲೇ ಆಗಬೇಕು, ಏಕೆಂದರೆ ನನ್ನ ತಾಯಿ ಈಗಲೂ ಅದೇ ಗೋಡೆಯ ಪಕ್ಕದಲ್ಲಿ ಅಡುಗೆ ಮಾಡುತ್ತಾರೆ. ಗಾರೆಗೆ ಮಾತ್ರ ಅವಸರವಿಲ್ಲ. ಗೋಡೆ ಆರಬೇಕು, ಸುಣ್ಣ ಗಾಳಿಯಲ್ಲಿ ನಿಧಾನವಾಗಿ ಗಟ್ಟಿಯಾಗಬೇಕು, ಹಾಗಾಗಿ ನವೆಂಬರ್-ಡಿಸೆಂಬರಿನಲ್ಲಿ ಬರುವ ನಮ್ಮ ಸುಗ್ಗಿ ಹಬ್ಬ ಪುತ್ತರಿ ಕಳೆದ ಮೇಲೆ ಮಾಡಿದರೆ ಸಾಕು.

ಈ ಪತ್ರ ತಲುಪಿದ 15 ದಿನಗಳೊಳಗೆ ಲಿಖಿತ ಉತ್ತರ ಬಾರದಿದ್ದಲ್ಲಿ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಮಡಿಕೇರಿಯ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಸಲ್ಲಿಸುತ್ತೇನೆ. ಬಿಲ್ಲು, ಕೊಟೇಶನ್ ಮತ್ತು ಫೋಟೋಗಳ ಪ್ರತಿಗಳನ್ನು ಲಗತ್ತಿಸಿದ್ದೇನೆ. ಬಿದ್ದ 14 ಟೈಲ್ಸನ್ನು ಒಡೆದವೂ ಸೇರಿದಂತೆ ಸೌದೆ ಕೊಟ್ಟಿಗೆಯಲ್ಲಿ ಹಿಂಬದಿ ಮೇಲಾಗಿ ಜೋಡಿಸಿಟ್ಟಿದ್ದೇನೆ. ತಾವು ಯಾವ ದಿನ ಬಂದರೂ ನೋಡಬಹುದು.

ಇಂತಿ,
ತಮ್ಮ ಗ್ರಾಹಕ