ಮುನ್ನುಡಿಗೂ ಮೊದಲು ಒಬ್ಬ ಓದುಗ ಬೇಕು

ಮಾನ್ಯ ಸಂಪಾದಕರೇ,

ಬಾಗಲಕೋಟೆ, ವಿಜಯಪುರ, ಬೆಳಗಾವಿ ಜಿಲ್ಲೆಗಳಲ್ಲಿ ಈಗ ಪುಸ್ತಕ ಬಿಡುಗಡೆಯಿಲ್ಲದ ಭಾನುವಾರವೇ ಅಪರೂಪ. ಹೊಸ ಕಥಾಸಂಕಲನ ಬರುತ್ತದೆ, ವೇದಿಕೆ ತುಂಬುತ್ತದೆ, ಲೇಖಕರಿಗೆ ಶಾಲು ಹೊದಿಸುತ್ತಾರೆ, ಮರುದಿನ ತಮ್ಮಂಥ ಪತ್ರಿಕೆಗಳಲ್ಲಿ ಚಿತ್ರಸಹಿತ ಸುದ್ದಿಯೂ ಬರುತ್ತದೆ. ಇದು ಸಂತೋಷದ ಸಂಗತಿಯೇ. ಆದರೆ ಮೂವತ್ತು ವರ್ಷ ಪ್ರೌಢಶಾಲೆಯಲ್ಲಿ ಕನ್ನಡ ಕಲಿಸಿ, ನಿವೃತ್ತಿಯ ನಂತರ ಹೊಸಬರ ಹಸ್ತಪ್ರತಿಗಳನ್ನು ಓದುತ್ತ ಬಂದಿರುವ ನನಗೆ ಒಂದು ಕೊರತೆ ಎದ್ದು ಕಾಣುತ್ತಿದೆ. ಕಥೆ ಬರೆದು ಮುಗಿಸಿದ ದಿನಕ್ಕೂ ಅದು ಅಚ್ಚಿಗೆ ಹೋಗುವ ದಿನಕ್ಕೂ ನಡುವೆ ನಡೆಯಬೇಕಾದ ಕೆಲಸ, ಅಂದರೆ ಬಲ್ಲವರೊಬ್ಬರು ಪೆನ್ಸಿಲ್ ಹಿಡಿದು ಸಾಲುಸಾಲಾಗಿ ಓದಿ, ಲೇಖಕರನ್ನು ಎದುರಿಗೆ ಕೂಡಿಸಿಕೊಂಡು ಚರ್ಚಿಸಿ, ಮತ್ತೆ ಬರೆಸುವ ಕೆಲಸ, ನಮ್ಮ ಭಾಗದಲ್ಲಿ ಬಹುಮಟ್ಟಿಗೆ ನಡೆಯುತ್ತಲೇ ಇಲ್ಲ.

ಒಂದು ಉದಾಹರಣೆ ಕೊಡುತ್ತೇನೆ. ಕಳೆದ ವರ್ಷ ಇಲ್ಲಿನ ನವನಗರದ ಯುವತಿಯೊಬ್ಬಳು ಆಲಮಟ್ಟಿಯ ಹಿನ್ನೀರಿನಲ್ಲಿ ಮುಳುಗಿದ ತನ್ನ ತಾಯಿಯ ತವರೂರಿನ ಬಗ್ಗೆ ಕಥೆ ಬರೆದು ತಂದಿದ್ದಳು. ಹದಿನಾಲ್ಕು ಪುಟಗಳ ಕಥೆ. ಮೊದಲ ಮೂರು ಪುಟಗಳಲ್ಲಿ ಕೃಷ್ಣಾ ನದಿಯ ವರ್ಣನೆ, ಊರಿನ ಇತಿಹಾಸ, ಪರಿಹಾರದ ಹಣದ ಲೆಕ್ಕ ತುಂಬಿದ್ದವು. ನಾಲ್ಕನೆಯ ಪುಟದ ನಡುವೆ, ಊರು ಬಿಡುವ ದಿನ, ಆ ತಾಯಿ ಹಾರೆ ಹಾಕಿಸಿ ಮನೆಯ ಬಾಗಿಲ ಚೌಕಟ್ಟನ್ನು ಕೀಳಿಸಿ ಟ್ರ್ಯಾಕ್ಟರಿಗೆ ಹೇರಿಸುತ್ತಾಳೆ. ಚೌಕಟ್ಟಿಗೆ ಕೈ ಕೊಟ್ಟು ನೂಕುವಾಗ ಹಿಂದಿನ ಹಬ್ಬಕ್ಕೆ ಹಚ್ಚಿದ್ದ ಅರಿಷಿಣ ಬೆವರಿಗೆ ಕರಗಿ ಅವಳ ಅಂಗೈಗೆ ಹತ್ತುತ್ತದೆ. ನಾನು ಆ ಸಾಲಿನ ಪಕ್ಕದಲ್ಲಿ ಗೆರೆ ಎಳೆದು, ‘ಕಥೆ ಶುರುವಾಗುವುದು ಇಲ್ಲಿಂದ’ ಎಂದು ಬರೆದೆ. ಆಕೆ ಒಪ್ಪಲಿಲ್ಲ. ಎರಡು ವಾರ ಬಿಟ್ಟು ಬಂದಾಗ ಆ ಮೂರು ಪುಟಗಳಲ್ಲಿ ಒಂದೇ ಒಂದು ವಾಕ್ಯ ಉಳಿದಿತ್ತು, ಅದೂ ಬೇರೊಂದು ಜಾಗಕ್ಕೆ ಹೋಗಿ ಸರಿಯಾಗಿ ಕೂತಿತ್ತು.

ಅದೇ ಕಥೆಯಲ್ಲಿ ಆ ತಾಯಿ ಮಗನಿಗೆ ‘ನಾನಿನ್ನು ಹೊರಡುತ್ತೇನೆ ಮಗನೇ’ ಎನ್ನುತ್ತಿದ್ದಳು. ‘ನಿಮ್ಮವ್ವ ಮನಿಯಾಗ ಹಿಂಗ ಮಾತಾಡ್ತಾಳೇನವಾ?’ ಎಂದು ಕೇಳಿದೆ. ಆಕೆ ನಕ್ಕು ಅಲ್ಲೇ ‘ಬರ್ತೀನೋ ಯಪ್ಪಾ’ ಎಂದು ತಿದ್ದಿದಳು. ನಮ್ಮ ಆಡುಮಾತನ್ನು ಕಥೆಗೆ ತಂದರಷ್ಟೇ ಸಾಲದು ಎಂಬುದನ್ನೂ ಇಲ್ಲಿ ಹೇಳಬೇಕು. ಒಬ್ಬಳೇ ಹೆಂಗಸು ಒಂದು ಪುಟದಲ್ಲಿ ‘ಹೋಗ್ತೀನಿ’ ಎಂದೂ ಮುಂದಿನ ಪುಟದಲ್ಲಿ ‘ಹೊಕ್ಕೀನಿ’ ಎಂದೂ ಅಂದರೆ, ಓದುವವರಿಗೆ ಇಬ್ಬರು ಬೇರೆ ಬೇರೆ ಹೆಂಗಸರು ಮಾತನಾಡಿದಂತೆ ಕೇಳುತ್ತದೆ. ಇಂಥ ಸೂಕ್ಷ್ಮಗಳು ಬರೆಯುವವರ ಕಣ್ಣಿಗೆ ಬೀಳುವುದು ಕಷ್ಟ, ಏಕೆಂದರೆ ಅವರ ಕಿವಿಯಲ್ಲಿ ಆ ಧ್ವನಿ ಮೊದಲೇ ತುಂಬಿರುತ್ತದೆ.

ಹಿಂದೆ ಇದಕ್ಕೊಂದು ನೆಲೆಯಿತ್ತು. ಪಕ್ಕದ ಧಾರವಾಡದಲ್ಲಿ ಜಿ.ಬಿ. ಜೋಶಿಯವರು 1933ರಲ್ಲಿ ಮನೋಹರ ಗ್ರಂಥಮಾಲೆಯನ್ನು ಆರಂಭಿಸಿದರು. ಆ ಪ್ರಕಾಶನದ ಅಟ್ಟ ಲೇಖಕರು ಕೂಡಿ ಮಾತನಾಡುವ, ವಾದಿಸುವ ಜಾಗವಾಗಿತ್ತು; ಕೀರ್ತಿನಾಥ ಕುರ್ತಕೋಟಿಯವರಂಥ ವಿಮರ್ಶಕರು ಅದರ ಸಲಹೆಗಾರರಾಗಿದ್ದರು. ಇಂದು ನಮ್ಮ ಹೊಸಬರು ಹಿರಿಯರ ಮನೆಗೆ ಹೋಗುವುದು ಬಹುತೇಕ ಮುನ್ನುಡಿ ಕೇಳಲು, ಅದೂ ಪುಟಜೋಡಣೆ ಮುಗಿದು ಬಿಡುಗಡೆಯ ದಿನಾಂಕ ನಿಗದಿಯಾದ ಮೇಲೆ. ಆ ಹೊತ್ತಿಗೆ ಹಿರಿಯರಿಗೆ ಹೊಗಳುವುದರ ಹೊರತು ಬೇರೆ ದಾರಿ ಉಳಿದಿರುವುದಿಲ್ಲ.

ನನ್ನ ಅನುಭವವನ್ನೂ ಬರೆಯುತ್ತೇನೆ. ಬಹಳ ವರ್ಷಗಳ ಹಿಂದೆ ನನ್ನ ಮೊದಲ ಸಂಕಲನಕ್ಕೆ ಪ್ರಕಾಶಕರೊಬ್ಬರಿಗೆ ಮುದ್ರಣದ ಪೂರ್ತಿ ಖರ್ಚನ್ನು ನಾನೇ ಕೊಟ್ಟಿದ್ದೆ. ಕರಡು ತಿದ್ದಲು ನನಗೆ ಸಿಕ್ಕಿದ್ದು ಒಂದು ರಾತ್ರಿ. ಪುಸ್ತಕ ಕೈಗೆ ಬಂದಾಗ ಒಂದು ಕಥೆಯ ಕೊನೆಯ ಪ್ಯಾರಾ ಬಿಟ್ಟುಹೋಗಿತ್ತು. 500 ಪ್ರತಿಗಳಲ್ಲಿ ಮುನ್ನೂರನ್ನು ಮಂಚದ ಕೆಳಗೆ ಇಟ್ಟುಕೊಂಡು, ಬಂದವರಿಗೆ ಆ ಪ್ಯಾರಾವನ್ನು ಕೈಯಲ್ಲಿ ಬರೆದು ಅಂಟಿಸಿ ಕೊಡುತ್ತಿದ್ದೆ. ಲಿಖಿತ ಒಪ್ಪಂದ ಇರಲಿಲ್ಲವಾದ್ದರಿಂದ ಕೇಳುವುದಕ್ಕೆ ನನಗೆ ಬಾಯಿಯೂ ಇರಲಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಹಕ್ಕನ್ನು ವಹಿಸಿಕೊಡುವುದು ಬರಹದಲ್ಲಿ, ಸಹಿಯೊಂದಿಗೆ ಆಗಬೇಕು. ಅವಧಿಯನ್ನು ನಮೂದಿಸದಿದ್ದರೆ ಅದು ಐದು ವರ್ಷವೆಂದು ಪರಿಗಣಿತವಾಗುತ್ತದೆ. ಇಷ್ಟು ಸರಳವಾದ ಸಂಗತಿ ನನ್ನ ಐವತ್ತನೆಯ ವಯಸ್ಸಿನವರೆಗೂ ನನಗೆ ಗೊತ್ತಿರಲಿಲ್ಲ. ಇಂದಿನ ಮಕ್ಕಳಾದರೂ ಹಣ ಕೊಡುವ ಮೊದಲು ಎಷ್ಟು ಪ್ರತಿ, ಎಷ್ಟು ಸಲ ಕರಡು, ಗೌರವಧನ ಯಾವಾಗ ಎಂಬುದನ್ನು ಒಂದು ಹಾಳೆಯ ಮೇಲೆ ಬರೆಸಿಕೊಳ್ಳಲಿ.

ಬರವಣಿಗೆಯಿಂದಲೇ ಹೊಟ್ಟೆ ತುಂಬುತ್ತದೆ ಎಂದು ಯಾರಿಗೂ ನಾನು ಹೇಳಲಾರೆ. ಗೋಕಾಕ ತಾಲ್ಲೂಕಿನ ಮಲಾಮರಡಿಯ ಬಸವರಾಜ ಕಟ್ಟೀಮನಿಯವರು ಪತ್ರಕರ್ತರಾಗಿ, ಬೀಳಗಿಯ ಕೃಷ್ಣಮೂರ್ತಿ ಪುರಾಣಿಕರು ಶಿಕ್ಷಕರಾಗಿ ದುಡಿಯುತ್ತಲೇ ಅಷ್ಟೊಂದು ಕಾದಂಬರಿಗಳನ್ನು ಬರೆದರು. ನೌಕರಿ ಮಾಡುತ್ತ ಬರೆಯುವುದು ಕೀಳಲ್ಲ. ಆದರೆ ನೌಕರಿ ಮುಗಿಸಿ ದಣಿದು ಬಂದು ರಾತ್ರಿ ಒಂದು ಗಂಟೆ ಬರೆಯುವವರ ಆ ಒಂದು ಗಂಟೆಗೆ ಬೆಲೆ ಸಿಗಬೇಕಾದರೆ, ಬರೆದದ್ದನ್ನು ನಿಷ್ಠುರವಾಗಿ ಓದುವವರು ಊರಿನಲ್ಲೇ ಇರಬೇಕು.

ತಮ್ಮಲ್ಲಿ ಒಂದು ಬಿನ್ನಹ. ದೀಪಾವಳಿ ವಿಶೇಷಾಂಕಗಳ ಕಥಾಸ್ಪರ್ಧೆಗಳಲ್ಲಿ ಬಹುಮಾನ ಪಡೆಯುವವರು ಕೆಲವೇ ಮಂದಿ. ಕೊನೆಯ ಸುತ್ತಿಗೆ ಬಂದು ಬಹುಮಾನ ತಪ್ಪಿದ ಕಥೆಗಾರರಿಗೆ, ಕಥೆ ಎಲ್ಲಿ ಸಡಿಲವಾಗಿದೆ ಎಂದು ತೀರ್ಪುಗಾರರಿಂದ ನಾಲ್ಕು ಸಾಲು ಬರೆಯಿಸಿ ಕಳುಹಿಸುವ ವ್ಯವಸ್ಥೆಯನ್ನು ತಾವು ಮಾಡಿದರೆ, ಅದು ಹೊಸಬರಿಗೆ ಬಹುಮಾನದಷ್ಟೇ ಬೆಲೆಯುಳ್ಳದ್ದಾಗುತ್ತದೆ.

ಸಾರ್ವಜನಿಕ ಗ್ರಂಥಾಲಯ ಇಲಾಖೆಯವರಲ್ಲೂ ಒಂದು ಕೋರಿಕೆಯಿದೆ. 1965ರ ಕಾಯ್ದೆಯಂತೆ ನಾವೆಲ್ಲ ಆಸ್ತಿ ತೆರಿಗೆಯ ಜೊತೆಗೆ ಗ್ರಂಥಾಲಯ ಕರ ಕಟ್ಟುತ್ತಿದ್ದೇವೆ. ಮೂರೂ ಜಿಲ್ಲೆಗಳ ಕೇಂದ್ರ ಗ್ರಂಥಾಲಯಗಳಲ್ಲಿ ತಿಂಗಳಿಗೊಂದು ಭಾನುವಾರ ಒಂದು ಕೋಣೆ, ಒಂದು ಉದ್ದನೆಯ ಮೇಜು, ಹತ್ತು ಕುರ್ಚಿ ಕೊಟ್ಟರೆ ಸಾಕು. ಮೈಕು, ಹಾರ, ಫ್ಲೆಕ್ಸು ಯಾವುದೂ ಬೇಡ. ಒಬ್ಬರು ಅಚ್ಚಾಗದ ಕಥೆಯನ್ನು ಓದಲಿ, ಉಳಿದವರು ಪ್ರತಿ ಹಿಡಿದು ಗುರುತು ಹಾಕಿಕೊಳ್ಳಲಿ. ಬಾಗಲಕೋಟೆಯಲ್ಲಿ ಅಂಥದೊಂದು ಕೋಣೆಯ ಬಾಗಿಲು ತೆರೆದರೆ, ಪೆನ್ಸಿಲ್ ಹಿಡಿದು ಮೊದಲ ದಿನದಿಂದಲೇ ಬಂದು ಕೂಡಲು ನಾನು ಸಿದ್ಧನಿದ್ದೇನೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಕನ್ನಡ ಶಿಕ್ಷಕ, ನವನಗರ, ಬಾಗಲಕೋಟೆ