ಚೌಕಾಸಿ ಮಾಡದ ಗಿರಾಕಿ

ಗೆಳೆಯಾ,

ನಿನ್ನ ಮೆಸೇಜ್ ಓದಿದೆ. ಹಳೇ ಕ್ಯಾಮೆರಾ ಮಾರಾಟಕ್ಕೆ ಹಾಕಿ ಹತ್ತು ನಿಮಿಷವೂ ಆಗಿಲ್ಲ, ಆಗಲೇ ಗಿರಾಕಿ ಸಿಕ್ಕಿದ್ದಾನೆ, ಕೇಳಿದಷ್ಟು ಕೊಡುತ್ತಾನಂತೆ, ಬಂದು ನೋಡುವುದೂ ಬೇಡವಂತೆ, ಕೊರಿಯರ್‌ನವನನ್ನು ಅವನೇ ಕಳಿಸುತ್ತಾನಂತೆ. ನೀನು ಖುಷಿಯಲ್ಲಿದ್ದೀಯ. ನನಗೆ ಮಾತ್ರ ಹೊಟ್ಟೆಯಲ್ಲಿ ಸಂಕಟ ಶುರುವಾಯಿತು. ಬಳಸಿದ ವಸ್ತುವನ್ನು ಚೌಕಾಸಿ ಮಾಡದೆ ಕೊಳ್ಳುವವನನ್ನು ಎಲ್ಲಾದರೂ ನೋಡಿದ್ದೀಯಾ? ಗೀರು ಬಿದ್ದಿದೆಯಾ, ಬಿಲ್ ಇದೆಯಾ, ಬ್ಯಾಟರಿ ಎಷ್ಟು ಹೊತ್ತು ಬರುತ್ತದೆ, ಏನೂ ಕೇಳಲಿಲ್ಲ ಅಂದರೆ ಅವನಿಗೆ ಬೇಕಿರುವುದು ಕ್ಯಾಮೆರಾ ಅಲ್ಲ.

ನಾನು ಟೋಪಿ ಹಾಕಿಸಿಕೊಂಡದ್ದನ್ನು ನಿನಗೆ ಹೇಳಿರಲಿಲ್ಲ, ನಾಚಿಕೆಯಾಗಿತ್ತು. ಮನೆಯಲ್ಲಿದ್ದ ಮೇಜು ಮಾರಲು ಹಾಕಿದ್ದೆ. ಒಬ್ಬ ಹಣ ಕಳಿಸಿದ್ದೇನೆ ಅಂತ ಸ್ಕ್ರೀನ್‌ಶಾಟ್ ಹಾಕಿದ. ಹಸಿರು ಟಿಕ್, ನನ್ನ ಹೆಸರು ಎಲ್ಲ ಸರಿಯಾಗಿತ್ತು, ಬ್ಯಾಂಕಿನದೇ ಅನ್ನಿಸುವಂಥ ಎಸ್‌ಎಮ್‌ಎಸ್ ಕೂಡ ಬಂತು. ಹಿಂದೆಯೇ ಫೋನ್ ಮಾಡಿ, "ಅಯ್ಯೋ ಸಾರ್, ಒಂದು ಸೊನ್ನೆ ಜಾಸ್ತಿ ಹೊಡೆದುಬಿಟ್ಟೆ, ಉಳಿದದ್ದು ಬೇಗ ವಾಪಸ್ ಹಾಕಿ, ಅಮ್ಮ ಆಸ್ಪತ್ರೆಯಲ್ಲಿದ್ದಾರೆ" ಅಂದ. ಪಾಪ ಅನ್ನಿಸಿತು. ಹಾಕಿದೆ. ಅಕೌಂಟ್ ತೆರೆದು ನೋಡಿದ್ದು ಆಮೇಲೆ. ಅವನಿಂದ ಒಂದು ಬಿಡಿಗಾಸೂ ಬಂದಿರಲಿಲ್ಲ.

ಕೊಳ್ಳುವಾಗ ನಾವು ಹತ್ತು ಸಲ ನೋಡುತ್ತೇವೆ ಅಲ್ವಾ? ಮಾರುವಾಗ ಮಾತ್ರ ದುಡ್ಡು ಬರುವುದು ತಾನೇ, ಹೋಗುವುದೇನಿದೆ ಅಂತ ಮೈಮರೆಯುತ್ತೇವೆ. ಇವರು ಕಾಯುವುದು ಅದಕ್ಕೇ. ಮಾರುವವನ ಕೈಯಿಂದಲೇ ಹೇಗೋ ದುಡ್ಡು ಕೊಡಿಸಿಕೊಳ್ಳುತ್ತಾರೆ. ಕ್ಯೂಆರ್ ಕೋಡ್ ಕಳಿಸಿ, ಸ್ಕ್ಯಾನ್ ಮಾಡಿ ಪಿನ್ ಒತ್ತಿದರೆ ಹಣ ಬರುತ್ತದೆ ಅನ್ನುತ್ತಾರೆ. ಪಿನ್ ಒತ್ತುವುದು ಕೊಡುವುದಕ್ಕೆ ಕಣೋ, ತೆಗೆದುಕೊಳ್ಳುವುದಕ್ಕೆ ಯಾವ ಪಿನ್ನೂ ಬೇಡ. ಇನ್ನು ಕೆಲವರು ಕೊರಿಯರ್ ಕಂಪನಿಯದು ಅಂತ ಒಂದು ಲಿಂಕ್ ಕಳಿಸಿ, ಹಣ ಪಡೆಯಲು ಕಾರ್ಡ್ ನಂಬರ್, ಹಿಂಬದಿಯ 3 ಅಂಕಿ ತುಂಬಿ ಅನ್ನುತ್ತಾರೆ, ಇಲ್ಲವೇ ವಿಮೆಗೆ ಸ್ವಲ್ಪ ಕಟ್ಟಿ, ಅದನ್ನೂ ಸೇರಿಸಿ ಕೊಡುತ್ತೇನೆ ಅನ್ನುತ್ತಾರೆ. ಚೆಕ್ ಕೂಡ ನಂಬಬೇಡ. ಎಷ್ಟೋ ಕಡೆ ಚೆಕ್ ಪಾಸಾಗುವ ಮುಂಚೆಯೇ ಮೊತ್ತ ಅಕೌಂಟಿನಲ್ಲಿ ಕಾಣುತ್ತದೆ, ಆಮೇಲೆ ಬೌನ್ಸ್ ಆದರೆ ಬ್ಯಾಂಕಿನವರು ನಿನ್ನಿಂದಲೇ ವಾಪಸ್ ಪಡೆಯುತ್ತಾರೆ.

ನೀವು ನಿಜವಾದವರಾ ಅಂತ ತಿಳಿಯಬೇಕು, ಈಗ ನಿಮ್ಮ ಫೋನಿಗೆ ಮೆಸೇಜ್‌ನಲ್ಲಿ ಬಂದ 6 ಅಂಕಿ ಹೇಳಿ ಅಂತಲೂ ಕೇಳಬಹುದು. ಅದು ನಿನ್ನ ವಾಟ್ಸಾಪ್ ಅನ್ನು ಅವನ ಫೋನಿನಲ್ಲಿ ತೆರೆಯುವ ಬೀಗದ ಕೈ ಆಗಿರಬಹುದು. ಕೊಟ್ಟರೆ ನಿನ್ನ ಹೆಸರಲ್ಲಿ ನನಗೇ ಸಾಲ ಕೇಳುತ್ತಾನೆ. (ನಾನಂತೂ ಕೊಡುವುದಿಲ್ಲ, ಹಳೆಯದನ್ನು ಮೊದಲು ತೀರಿಸು ಅನ್ನುತ್ತೇನೆ.) ಸ್ಕ್ರೀನ್ ಹಂಚಿಕೊಳ್ಳುವ ಆ್ಯಪ್ ಹಾಕಿಕೊಳ್ಳಿ ಅಂದರೆ ಮಾತಾಡದೆ ಫೋನ್ ಇಟ್ಟುಬಿಡು.

ಮಾತುಕತೆಯೆಲ್ಲ ಜಾಹೀರಾತು ಹಾಕಿದ ಆ್ಯಪ್‌ನೊಳಗೇ ಇರಲಿ, ಬೇರೆ ನಂಬರಿಗೆ ಬನ್ನಿ ಅಂದರೆ ಹೋಗಬೇಡ. ಅವನು ಏನೇ ತೋರಿಸಲಿ, ಬ್ಯಾಂಕ್ ಆ್ಯಪ್ ನೀನೇ ತೆರೆದು ಬ್ಯಾಲೆನ್ಸ್ ನೋಡು. ಸಾಧ್ಯವಾದರೆ ಹಗಲು ಹೊತ್ತು, ಜನ ಓಡಾಡುವ ಜಾಗದಲ್ಲಿ ಕೈಯಿಂದ ಕೈಗೆ ಕೊಡು. ಕಳಿಸಲೇಬೇಕಾದರೆ ಸೀರಿಯಲ್ ನಂಬರ್ ಕಾಣುವಂತೆ ಫೋಟೋ ತೆಗೆದಿಟ್ಟುಕೋ, ಪ್ಯಾಕ್ ಮಾಡುವುದನ್ನು ವಿಡಿಯೋ ಮಾಡು. ಒಳ್ಳೆಯದನ್ನು ಇಟ್ಟುಕೊಂಡು ಕೆಟ್ಟದ್ದನ್ನು ವಾಪಸ್ ಕಳಿಸುವವರೂ ಇದ್ದಾರೆ. ಮೆಮೊರಿ ಕಾರ್ಡ್ ತೆಗೆಯುವುದನ್ನು ಮರೆಯಬೇಡ ಮಾರಾಯ, ಅದರಲ್ಲಿ ನಿನ್ನ ಮದುವೆ ಫೋಟೋಗಳಿವೆ.

ಈಗಾಗಲೇ ಕಾರ್ಡ್ ನಂಬರ್ ಏನಾದರೂ ಕೊಟ್ಟಿದ್ದರೆ ಈ ಪತ್ರ ಇಲ್ಲಿಗೇ ಬಿಡು, ಮೊದಲು ಬ್ಯಾಂಕಿಗೆ ಫೋನ್ ಮಾಡಿ ಕಾರ್ಡ್ ಬ್ಲಾಕ್ ಮಾಡಿಸು. ಕೊಟ್ಟಿಲ್ಲ ಅಂದರೆ ಅವನಿಗೆ ಒಂದೇ ಪ್ರಶ್ನೆ ಕಳಿಸು: ಕ್ಯಾಮೆರಾ ಜೊತೆ ಯಾವ ಲೆನ್ಸ್ ಕೊಡುತ್ತಿದ್ದೇನೆ, ಹೇಳಿ ನೋಡೋಣ. ಏನಂದ ಅಂತ ರಾತ್ರಿ ಫೋನ್ ಮಾಡಿ ಹೇಳು.